ಏರುಗೈ

ಶೇಷಮ್ಮನವರ ಮನೆಗೆ ಈ ಸಲ ಹುಡಿ ಉಜ್ಜಲು ಬೇರೆಯವರು ಬರುತ್ತಾರೆ ಎಂಬ ಸುದ್ದಿಯನ್ನು ಸೀತಕ್ಕನಿಗೆ ತಂದವನು ಅವಳ ಗಂಡ ಐತ. ತಂದದ್ದಾದರೂ ಹೇಗೆ? ಗಂಜಿಗೆ ಉಪ್ಪು ಹಾಕಿಕೊಳ್ಳುತ್ತ, ನಾಳೆ ಕೊಪ್ಪದ ಬಸ್ಸು ಇಲ್ಲವಂತೆ ಅನ್ನುವಷ್ಟು ಸಲೀಸಾಗಿ.

"ಹೋಳಿ ಹುಣ್ಣಿಮೆಯಿಂದ ಅನಿತಾ ಬರ್ತಾಳಂತೆ ಮಾರಾಯ್ತಿ. ನಯನಮ್ಮ ಹೇಳಿದ್ರು."

"ಯಾವ ಅನಿತಾ?"

"ನಮಗೆ ಎಷ್ಟು ಅನಿತಾ ಇದಾರೆ? ನಿನ್ನ ತಂಗಿ ಮಗಳು."

ಸೀತಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹೊರಗಿನವರು ಯಾರಾದರೂ ಆಗಿದ್ದರೆ ಒಂದು ದಿನ ಬೈದು ಎರಡನೇ ದಿನ ಮರೆಯಬಹುದಿತ್ತು. ಇದು ತಂಗಿಯ ಮಗಳು. ಸಿಂಬಳ ಸುರಿಸಿಕೊಂಡು, ತನ್ನ ಸೆರಗು ಹಿಡಿದುಕೊಂಡು ಶೇಷಮ್ಮನವರ ಬಚ್ಚಲಿನ ಬಾಗಿಲವರೆಗೆ ಬರುತ್ತಿದ್ದ ಕೂಸು. ಅದು ಈಗ ಬಾಗಿಲು ದಾಟಿ ಒಳಗೆ ಹೋಗುತ್ತದಂತೆ, ತಾನು ಹೊರಗೆ ನಿಲ್ಲಬೇಕಂತೆ.

"ನಿಂಗೆ ಕೈ ಆಗಲ್ಲ ಅಂತ ಅವ್ರೇ ಯೋಚ್ನೆ ಮಾಡಿದ್ದು. ಒಳ್ಳೇದೇ ಆಯ್ತಲ್ಲ" ಅಂದ ಐತ.

"ನನ್ನ ಕೈಗೆ ಎಂತ ಆಗಿದೆ?"

ಐತ ಗಂಜಿ ಸುರಿದುಕೊಂಡ. ಯಾವ ಪ್ರಶ್ನೆಗೆ ಉತ್ತರ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ಅವನಿಗೆ ಮದುವೆಯಾದ ಮೂರನೇ ವರ್ಷಕ್ಕೇ ತಿಳಿದುಹೋಗಿತ್ತು.

ಕೈಗೆ ಆಗಿದ್ದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ಮಳೆಗಾಲ, ಅಂದರೆ ಎರಡು ಸಾವಿರದ ಎಂಟನೇ ಇಸವಿಯಲ್ಲಿ, ಚಿಕುನ್‌ಗುನ್ಯ ಬಂದು ಭಂಡಿಗಡಿಯ ಅರ್ಧ ಊರನ್ನು ಚಾಪೆಗೆ ಹಾಕಿತ್ತು. ಜ್ವರವೇನೋ ನಾಲ್ಕು ದಿನಕ್ಕೆ ಬಿಟ್ಟಿತು, ಗಂಟು ನೋವು ಬಿಡಲಿಲ್ಲ. ಸೀತಕ್ಕನ ಬೆರಳಿನ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಹತ್ತು ಗಂಟೆಯ ಹೊತ್ತಿಗೆ ಹೇಗೋ ಒಂದು ಹದಕ್ಕೆ ತರುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಕಾಣುವುದಿಲ್ಲ ಎಂದು ನಂಬಿದ್ದಳು, ಪಾಪ.

ಶೇಷಮ್ಮನವರ ಮನೆಯ ವಸಂತದ ಪಥ್ಯ ಗೊತ್ತಿಲ್ಲದವರಿಗೆ ಇದು ಇಷ್ಟು ದೊಡ್ಡ ವಿಷಯ ಯಾಕೆ ಎಂದು ತಿಳಿಯುವುದಿಲ್ಲ. ಚಳಿಗಾಲವೆಲ್ಲ ತುಪ್ಪ, ಉದ್ದು, ಬೆಲ್ಲ ತಿಂದು ಮೈಯೊಳಗೆ ಕಟ್ಟಿಕೊಂಡ ಕಫ, ಶಿವರಾತ್ರಿ ಕಳೆದು ಬಿಸಿಲು ಚುರುಕಾದ ಕೂಡಲೇ ಕರಗಲು ಶುರು ಮಾಡುತ್ತದೆ. ಆಗ ತಲೆ ಭಾರ, ಬಾಯಿ ಸಪ್ಪೆ, ಕೂತಲ್ಲಿ ತೂಕಡಿಕೆ. ಅದನ್ನು ಮೈಯಿಂದ ಹೊರಗೆ ಕಳಿಸಬೇಕು. ಹೋಳಿ ಹುಣ್ಣಿಮೆಯಿಂದ ಯುಗಾದಿಯ ಹಿಂದಿನ ಅಮಾವಾಸ್ಯೆವರೆಗೆ ಹದಿನೈದು ದಿನ, ಚಂದ್ರ ಕರಗುತ್ತ ಹೋದ ಹಾಗೆ ಮೈಯೂ ಹಗುರಾಗುತ್ತ ಹೋಗಬೇಕು ಎಂಬುದು ಆ ಮನೆಯ ಕ್ರಮ. ಆಗ ಮೊಸರಿಲ್ಲ, ಹೊಸ ಅಕ್ಕಿ ಇಲ್ಲ, ಸಿಹಿ ಇಲ್ಲ. ಹಳೆ ಅಕ್ಕಿಯ ಅನ್ನ, ಹೆಸರುಕಾಳಿನ ಕಟ್ಟು, ಹಾಗಲಕಾಯಿ, ಶುಂಠಿ ಹಾಕಿ ಕುದಿಸಿ ಆರಿಸಿದ ನೀರು, ಅದಕ್ಕೆ ಎನ್.ಆರ್.ಪುರದ ಕಡೆಯಿಂದ ತರಿಸಿದ ಹಳೆ ಜೇನು ಒಂದು ಚಮಚ. ಹಗಲು ನಿದ್ದೆಯಂತೂ ಕೂಡದು. ಮತ್ತೆ ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಮೈಗೆಲ್ಲ ಹುಡಿ.

ಹುಡಿ ಅಂದರೆ ಹುರುಳಿ, ಕಡಲೆ, ಲಾವಂಚ, ಕಸ್ತೂರಿ ಅರಿಶಿನ ಕುಟ್ಟಿ ಜರಡಿ ಹಿಡಿದದ್ದು. ಎಣ್ಣೆ ಹಚ್ಚುವಾಗ ಕೈ ಕೂದಲು ಮಲಗಿದ ದಿಕ್ಕಿಗೆ, ಮೇಲಿನಿಂದ ಕೆಳಗೆ ಇಳಿಯುತ್ತದೆ. ಒಣ ಹುಡಿಗೆ ಹಾಗಲ್ಲ. ಪಾದದಿಂದ ತೊಡೆಗೆ, ಸೊಂಟದಿಂದ ಹೆಗಲಿಗೆ, ಕೂದಲಿಗೆ ಎದುರಾಗಿ ಕೈ ಏರಬೇಕು. ಅದಕ್ಕೆ ಸೀತಕ್ಕ ಏರುಗೈ ಎನ್ನುತ್ತಿದ್ದಳು. ಚಳಿಗೆ ಇಳಿಗೈ, ಬಿಸಿಲಿಗೆ ಏರುಗೈ. ಅಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಕೈಗುಣ ಎಂದು ಅವಳ ವಾದ.

ಆ ಕೈಗುಣ ಇಪ್ಪತ್ತೆರಡು ವರ್ಷ ಸೀತಕ್ಕನದೇ ಆಗಿತ್ತು. ವರ್ಷವೆಲ್ಲ ಅವಳು ಆ ಮನೆಯ ತೋಟದ ಕೂಲಿಯಾಳು. ಈ ಹದಿನೈದು ದಿನ ಮಾತ್ರ ಹಾಗಲ್ಲ, ಶೇಷಮ್ಮನವರು ಅವಳು ಹೇಳಿದ ಹಾಗೆ ಕೇಳಬೇಕು. ತಿರುಗಿ ಅಂದರೆ ತಿರುಗಬೇಕು, ಏಳಿ ಅಂದರೆ ಏಳಬೇಕು. ಅದರಲ್ಲೂ ಅವಳ ಹೆಬ್ಬೆರಳಿನ ಖ್ಯಾತಿ ದೊಡ್ಡದು. ಬಲಗೈ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಟ್ಟುಕೊಂಡು, ಗೆಣ್ಣಿನಿಂದ ಒತ್ತುತ್ತ ಬೆನ್ನು ಏರುತ್ತಿದ್ದಳು. "ವಿದ್ಯೆ ಇರೋದೇ ಆ ಮಡಚು ಹೆಬ್ಬೆರಳಲ್ಲಿ" ಎಂದು ಶೇಷಮ್ಮನವರು ಶೃಂಗೇರಿಯಲ್ಲಿದ್ದ ತಂಗಿ ಜಲಜಮ್ಮನಿಗೆ ಫೋನಿನಲ್ಲಿ ವರ್ಷ ವರ್ಷವೂ ಹೇಳುತ್ತಿದ್ದರು. ಕೇಳಿದರೆ ಸೀತಕ್ಕ ಮುಖ ಗಂಭೀರ ಮಾಡಿ, "ನಮ್ಮಜ್ಜಿ ಹೇಳ್ಕೊಟ್ಟಿದ್ದು" ಅನ್ನುತ್ತಿದ್ದಳು. ಅಜ್ಜಿಯೂ ಇಲ್ಲ, ಗಿಜ್ಜಿಯೂ ಇಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಗಲಿ ನರ ಕತ್ತರಿಸಿಹೋಗಿತ್ತು, ಅಂದಿನಿಂದ ಆ ಬೆರಳು ಬಿಚ್ಚಿಕೊಳ್ಳುವುದೇ ಇಲ್ಲ. ಇದು ಗೊತ್ತಿದ್ದವನು ಐತ ಒಬ್ಬನೇ. ಅವನು ಬಾಯಿ ಬಿಡುವವನಲ್ಲ.

ಹುಣ್ಣಿಮೆಯ ದಿನ ಎಂಟೂವರೆ ಬಸ್ಸಿಗೆ ಅನಿತಾ ಬಂದಿಳಿದಳು. ಕೊಪ್ಪದ ಆಯುರ್ವೇದ ಆಸ್ಪತ್ರೆಯೊಂದರಲ್ಲಿ ಆರು ತಿಂಗಳು ತರಬೇತಿ ಮುಗಿಸಿ, ಹೆಂಗಸರಿಗೆ ಎಣ್ಣೆ ಹಚ್ಚುವ, ಹುಡಿ ಉಜ್ಜುವ ಕೆಲಸಕ್ಕೆ ಅಲ್ಲೇ ಸೇರಿದ್ದಳು. ಶೇಷಮ್ಮನವರ ಸೊಸೆ ನಯನ ಬಾಳಗಡಿಯ ಕಾಲೇಜಿನಲ್ಲಿ ಪಾಠ ಹೇಳುವವಳು, ಸೊಂಟ ನೋವಿಗೆ ಆ ಆಸ್ಪತ್ರೆಗೆ ಹೋದಾಗ ಇವಳನ್ನು ಕಂಡುಹಿಡಿದಿದ್ದಳು. ತಿಳಿಹಸಿರು ಬಣ್ಣದ ಯೂನಿಫಾರಂ, ಕುತ್ತಿಗೆಗೆ ದಾರ ಕಟ್ಟಿದ ಮೊಬೈಲು, ಬ್ಯಾಗಿನಲ್ಲಿ ಹಸಿರು ಮುಚ್ಚಳದ ಸ್ಟೀಲ್ ಡಬ್ಬಿ. ಸೀತಕ್ಕ ಹಿತ್ತಿಲಿನಲ್ಲಿ ಅಡಿಕೆ ಹಾಳೆ ಒಟ್ಟುತ್ತ ಅದನ್ನೆಲ್ಲ ತಲೆಯಿಂದ ಕಾಲಿನವರೆಗೆ ನೋಡಿದಳು. ಯೂನಿಫಾರಮ್ಮಿಗೆ ಇಸ್ತ್ರಿ ಬೇರೆ.

"ದೊಡ್ಡಮ್ಮ, ನೀನೂ ಒಳಗೆ ಬಾ. ಒಬ್ಳಿಗೇ ಹೆದ್ರಿಕೆ ಆಗ್ತದೆ" ಅಂದಳು ಅನಿತಾ.

"ನಂಗೆ ಹಾಳೆ ಕೆಲ್ಸ ಇದೆ. ನಿಂದು ನೀನು ನೋಡ್ಕೊ."

ಹಾಳೆ ಕೆಲಸ ಅಷ್ಟು ಅವಸರದ್ದೇನೂ ಆಗಿರಲಿಲ್ಲ. ಆದರೂ ಆ ಹದಿನೈದು ದಿನ ಸೀತಕ್ಕ ಬಚ್ಚಲಿನ ಗೋಡೆಯ ಪಕ್ಕವೇ ಹಾಳೆ ಒಟ್ಟಿದಳು, ಬಿಚ್ಚಿದಳು, ಮತ್ತೆ ಒಟ್ಟಿದಳು. ಒಳಗಿನಿಂದ ಹುಡಿಯ ಸದ್ದು ಬರುತ್ತಿತ್ತು, ಸರ್, ಸರ್, ಸರ್. ಕಾಲಿಗೆ ಏಳು ಸಲ, ಬೆನ್ನಿಗೆ ಹದಿನಾಲ್ಕು ಸಲ. ಎಣಿಸಿದರೆ ಎಲ್ಲೂ ತಪ್ಪಿಲ್ಲ. ತಪ್ಪಿದ್ದಿದ್ದರೆ ಅವಳಿಗೆ ಆವತ್ತಿನ ಅನ್ನ ಸೇರುತ್ತಿತ್ತು.

ಹೊಟ್ಟೆ ಉರಿಯಲು ಕಾರಣ ಒಂದೇ ಎರಡೇ? ಶೇಷಮ್ಮನವರು ಅವಳನ್ನು "ಪುಟ್ಟಾ" ಅನ್ನುತ್ತಿದ್ದರು. ಸೀತಕ್ಕನಿಗೆ ಇಪ್ಪತ್ತೆರಡು ವರ್ಷ ಕಾಫಿ ಬಂದದ್ದು ಹಿತ್ತಿಲ ಜಗಲಿಗೆ. ಅನಿತಾ ಅಡಿಗೆಮನೆಯ ಒಳಗೆ, ಬೆಂಚಿನ ಮೇಲೆ, ನಯನಮ್ಮನ ಪಕ್ಕ ಕೂತು ಕುಡಿದಳು. ಅದನ್ನು ಸೀತಕ್ಕ ಕಿಟಕಿಯಿಂದ ಕಣ್ಣಾರೆ ಕಂಡಳು. ಮೈಯೆಲ್ಲ ಮೆಣಸಿನಪುಡಿ ಎರಚಿದ ಹಾಗಾಯಿತು. ತನಗೆ ಯೂನಿಫಾರಂ ಇರಲಿಲ್ಲ, ಅದಕ್ಕೇ ಜಗಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಪೂರ್ತಿ ಸುಳ್ಳೂ ಅಲ್ಲ.

ಆರನೇ ದಿನ ಮಧ್ಯಾಹ್ನ ಮಾತ್ರ ಅವಳಿಗೆ ಒಂದು ಸಂತೋಷ ಸಿಕ್ಕಿತು. ಅನಿತಾ ಆಸ್ಪತ್ರೆಯ ಮಧ್ಯಾಹ್ನದ ಪಾಳಿಗೆಂದು ಹನ್ನೆರಡರ ಬಸ್ಸಿಗೆ ಕೊಪ್ಪಕ್ಕೆ ವಾಪಸು ಹೋಗಿಬಿಡುತ್ತಿದ್ದಳು. ಹಿಂದೆಲ್ಲ ಊಟವಾದ ಮೇಲೆ ಸೀತಕ್ಕ ಜಗಲಿಯ ಮೆಟ್ಟಿಲ ಮೇಲೆ ಕೂತು, ಶೇಷಮ್ಮನವರಿಗೆ ನಿದ್ದೆ ಬಾರದ ಹಾಗೆ ನಾಲ್ಕು ಗಂಟೆವರೆಗೆ ಊರ ಸುದ್ದಿ ಹೇಳುತ್ತಿದ್ದಳು. ಮೇಗುಂದದಲ್ಲಿ ಯಾರ ಮನೆಯ ಹಸು ಯಾರ ಗದ್ದೆಗೆ ನುಗ್ಗಿತು, ಯಾರ ಸೊಸೆ ಯಾರಿಗೆ ಎಂತ ಅಂದಳು. ಶೇಷಮ್ಮನವರ ಕಣ್ಣು ಮುಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಕತೆಯಲ್ಲಿ ಒಬ್ಬ ಓಡಿಹೋಗಬೇಕು, ಇಲ್ಲವೇ ಒಬ್ಬಳು ಬಾವಿಯ ಹತ್ತಿರ ನಿಂತು ಅಳಬೇಕು. ಸುದ್ದಿ ಇಲ್ಲದ ದಿನ ಸೀತಕ್ಕ ತಾನೇ ಹುಟ್ಟಿಸುತ್ತಿದ್ದಳು. ಈಗ ನೋಡಿದರೆ ಶೇಷಮ್ಮನವರು ಆರಾಮ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ.

"ಮಲಗ್ಲಿ. ಕಫ ಕಟ್ಲಿ" ಎಂದು ಸಂಜೆ ಐತನಿಗೆ ಹೇಳಿದಳು.

"ಹೋಗಿ ಎಬ್ಬಿಸ್ಬೇಕಿತ್ತು."

"ಎಬ್ಬಿಸಕ್ಕೆ ಸರ್ಟಿಫಿಕೇಟು ಬೇಕಂತೆ."

ಆ ಸಂತೋಷ ಬಹಳ ದಿನ ಬಾಳಲಿಲ್ಲ. ಹನ್ನೊಂದನೇ ದಿನ ಅವಳು ಹಾಳೆಯ ಕಟ್ಟು ಹೊತ್ತು ಕಿಟಕಿಯ ಕೆಳಗೆ ಹೋಗುವಾಗ ಶೇಷಮ್ಮನವರು ಫೋನಿನಲ್ಲಿ ಶೃಂಗೇರಿಯ ತಂಗಿಗೆ ಹೇಳುವುದು ಕೇಳಿಸಿತು. "ಇಲ್ಲ ಜಲಜಾ, ಸೀತಕ್ಕಂಗೆ ಇನ್ನು ಸಾಕು ಅಂತ ಮಾಡಿದೀನಿ. ಅಮಾವಾಸ್ಯೆ ದಿನ ಕರೆದು ನಾನೇ ಹೇಳ್ತೀನಿ."

ಅವತ್ತು ಸಂಜೆ ಐತನ ಬಾಯಲ್ಲಿ ಹೇಳಿಕೆಯೂ ಬಂತು. "ಅಮಾವಾಸ್ಯೆ ದಿನ ಬೆಳಿಗ್ಗೆ ಎಂಟಕ್ಕೆ ಬರ್ಬೇಕಂತೆ. ಬದಲಿಸಕ್ಕೆ ಒಂದು ಸೀರೆ ತರ್ಬೇಕಂತೆ."

ಸೀರೆ ಯಾಕೆ ಎಂದು ಸೀತಕ್ಕ ಕೇಳಲಿಲ್ಲ. ಬಚ್ಚಲು ತಿಕ್ಕಿಸಲು ಇರಬೇಕು. ಇಪ್ಪತ್ತೆರಡು ವರ್ಷ ಬೆನ್ನು ತಿಕ್ಕಿದವಳಿಗೆ ಕೊನೆಗೆ ಬಚ್ಚಲು ತಿಕ್ಕಿಸಿ, ಹಬ್ಬಕ್ಕೆ ಒಂದು ತೆಂಗಿನಕಾಯಿ ಕೊಟ್ಟು, ಇನ್ನು ಸಾಕು ಅಂತ ಕಳಿಸುತ್ತಾರೆ. ರಾತ್ರಿ ಚಾಪೆಯ ಮೇಲೆ ಹೊರಳಿದಳು, ಬೆಳಿಗ್ಗೆ ಏಳುವ ಹೊತ್ತಿಗೆ ಯೋಚನೆ ತಯಾರಾಗಿತ್ತು.

ಬೇಲಿಯಾಚೆಯ ಗುಡ್ಡದಲ್ಲಿ ಆ ಹೊತ್ತಿಗೆ ನಸುಗುನ್ನಿ ಕಾಯಿ ಒಣಗಿರುತ್ತದೆ. ನೋಡಲು ಕಂದು ಮಖಮಲ್ಲು. ಅದರ ಸುಂಕು, ಅಂದರೆ ಮೇಲಿನ ನವಿರು ಕೂದಲು, ಮೈಗೆ ತಾಗಿದರೆ ಮುಗಿಯಿತು, ಚರ್ಮ ಕಿತ್ತು ಎಸೆಯೋಣ ಅನ್ನಿಸುವಷ್ಟು ತುರಿಕೆ. ನೀರು ಹಾಕಿದರೆ ಇನ್ನೂ ಜಾಸ್ತಿ. ಸಗಣಿ ಬಳಿದು ಒಣಗಿಸಿ ಉದುರಿಸಿದರೆ ಮಾತ್ರ ತಗ್ಗುತ್ತದೆ ಎಂದು ಗುಡ್ಡ ತಿರುಗುವವರಿಗೆಲ್ಲ ಗೊತ್ತು. ಸೀತಕ್ಕ ಗಾಳಿಗೆ ಬೆನ್ನು ಹಾಕಿ, ಉಸಿರು ಬಿಗಿಹಿಡಿದು, ಬಿದಿರಿನ ಚಿಮಟದಲ್ಲಿ ನಾಲ್ಕು ಕಾಯಿ ಕಿತ್ತು, ಸುಂಕು ಕೆರೆದು ಸಾಗುವಾನಿ ಎಲೆಯಲ್ಲಿ ಪೊಟ್ಟಣ ಕಟ್ಟಿದಳು.

ಅವಳ ಲೆಕ್ಕ ಸರಳವಾಗಿತ್ತು. ಕೊನೆಯ ದಿನದ ಹುಡಿಯಲ್ಲಿ ಇದು ಸೇರುತ್ತದೆ. ಶೇಷಮ್ಮನವರ ಮೈ ಉರಿದೇಳುತ್ತದೆ. ಯೂನಿಫಾರಂ ಹಾಕಿದವಳು ಬಾಯಿ ಬಾಯಿ ಬಿಡುತ್ತಾಳೆ. ಆಗ ತಾನು ಸಗಣಿ ಹಿಡಿದು ಒಳಗೆ ಹೋಗಬೇಕು, ಒಂದು ಗಂಟೆಯಲ್ಲಿ ತಣ್ಣಗೆ ಮಾಡಬೇಕು. ಮುಂದಿನ ವರ್ಷ ಯಾರನ್ನು ಕರೆಯಬೇಕು ಎಂದು ಆಮೇಲೆ ಯಾರೂ ಯೋಚಿಸಬೇಕಾಗಿಲ್ಲ. ಶೇಷಮ್ಮನವರಿಗೆ ನೋವಾಗುತ್ತದಲ್ಲ ಎಂಬ ಯೋಚನೆ ಬಂದಿತ್ತು. ಬಂದದ್ದನ್ನು ಅವಳು ಒಂದು ಗಂಟೆಯ ಮಾತು ತಾನೇ ಎಂದು ಬದಿಗೆ ಸರಿಸಿದಳು. ಹೊಟ್ಟೆಕಿಚ್ಚು ಬಂದಾಗ ಮನುಷ್ಯರು ಇಷ್ಟೇ ಸುಲಭವಾಗಿ ಲೆಕ್ಕ ಹಾಕುತ್ತಾರೆ.

ಅಮಾವಾಸ್ಯೆಯ ದಿನ ಅವಳು ಏಳೂವರೆಗೇ ಹೋದಳು. ಹಿಂದಿನ ದಿನ ವಾಪಸು ಹೋಗದೆ ಅಲ್ಲೇ ಉಳಿದುಕೊಂಡಿದ್ದ ಅನಿತಾ ಹಂಡೆಗೆ ಬೆಂಕಿ ಮಾಡಿ, ಸೌದೆ ತರಲು ಹಿತ್ತಿಲಿಗೆ ಹೋಗಿದ್ದಳು. ಬಚ್ಚಲುಮನೆಯ ಬೆಂಚಿನ ಮೇಲೆ ಹಸಿರು ಮುಚ್ಚಳದ ಡಬ್ಬಿ. ಒಳಗೆ ನಾಲ್ಕು ಹಿಡಿ ಹುಡಿ ಉಳಿದಿತ್ತು. ಸೀತಕ್ಕ ಮುಚ್ಚಳ ತೆಗೆದು, ಪೊಟ್ಟಣ ಬಗ್ಗಿಸಿ, ಮುಚ್ಚಳ ಹಾಕಿ ಡಬ್ಬಿಯನ್ನು ನಾಲ್ಕು ಸಲ ಅಲ್ಲಾಡಿಸಿದಳು. ಎಲೆಯನ್ನು ಒಲೆಗೆ ಎಸೆದಳು. ಮುಖ ನೆಟ್ಟಗೆ ಇಟ್ಟುಕೊಂಡಳು.

ಸೌದೆ ತಂದ ಅನಿತಾಳ ಹಿಂದೆಯೇ ಶೇಷಮ್ಮನವರು ಬಂದರು. ಸೀತಕ್ಕ ಅವರನ್ನು ನೋಡಿ ಕಕ್ಕಾಬಿಕ್ಕಿಯಾದಳು. ಅವರ ಸ್ನಾನ ಆಗಿಹೋಗಿತ್ತು. ಒದ್ದೆ ಕೂದಲಿಗೆ ಟವೆಲು ಸುತ್ತಿತ್ತು, ಹಣೆಯಲ್ಲಿ ಕುಂಕುಮ.

"ಅಮ್ಮ, ಹುಡಿ?" ಅಂದಳು.

"ನಂದು ನಿನ್ನೆಗೆ ಮುಗೀತು. ಇವತ್ತು ನಿಂದು."

"ನಂದು ಎಂತದು?"

"ಉಳಿದ ಹುಡಿ ಮುಂದಿನ ವರ್ಷಕ್ಕೆ ಇಡ್ಬಾರ್ದು, ಹಬ್ಬದೊಳಗೆ ಯಾರ ಮೈಗಾದ್ರೂ ಮುಗಿಸ್ಬೇಕು ಅಂತ ನೀನೇ ಹೇಳ್ತಿದ್ದೆ. ಇಪ್ಪತ್ತೆರಡು ವರ್ಷ ಉಳಿದಿದ್ದು ಮನೆಗೆ ಕಟ್ಕೊಂಡು ಹೋದೆ. ಕೈಗೆ ಕಾಲಿಗೆ ನೀನೇ ಉಜ್ಕೊಂಡೆ ಅಂತಿಟ್ಕೊ. ಬೆನ್ನಿಗೆ ಯಾರು ಉಜ್ಜಿದ್ರು?"

ಸೀತಕ್ಕ ಒಂದು ವರ್ಷ ಐತನಿಗೆ ಹೇಳಿದ್ದಳು. ಅವನು ಎಮ್ಮೆ ಮೈ ತೊಳೆದ ಹಾಗೆ ನಾಲ್ಕು ಸಲ ಎಳೆದು, ನಗುತ್ತ ಎದ್ದು ಹೋಗಿದ್ದ. ಆಮೇಲೆ ಯಾರನ್ನೂ ಕೇಳಿರಲಿಲ್ಲ. ತನ್ನ ಬೆನ್ನು ತನಗೆ ಎಟುಕುವುದಿಲ್ಲ, ಎಟುಕಿದರೂ ಕೈ ಏರುವುದಿಲ್ಲ.

"ಬೆರಳು ಊದಿದ್ದು ನಂಗೆ ಕಾಣಲ್ವ? ಇನ್ನೊಬ್ರ ಮೈ ತಿಕ್ಕಿದ್ದು ಸಾಕು ಇನ್ನು" ಅಂದರು ಶೇಷಮ್ಮನವರು. "ಸೀರೆ ತಂದಿದೀಯಲ್ಲ, ಹಳೇದು ಸುತ್ಕೊಂಡು ಮಲಗು."

"ನಾನು ಒಲ್ಲೆ ಅಮ್ಮ. ತೋಟದಲ್ಲಿ ಕೆಲ್ಸ ಇದೆ."

"ತೋಟ ಎಲ್ಲಿಗೂ ಓಡಲ್ಲ. ಮಲಗು."

ಮಲಗಿದಳು. ಮಲಗದೆ ಎಂತ ಹೇಳುವುದು? ಬೆಂಚಿನ ಮೇಲೆ ಬೋರಲಾಗಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಕಣ್ಣು ಮುಚ್ಚಿದಳು. ಮೊದಲು ನಾಚಿಕೆಯಾಯಿತು. ಆಮೇಲೆ ಹೆದರಿಕೆ. ಆಮೇಲೆ, ನೋಡಿ ಇವಳ ಬುದ್ಧಿ, ಒಳಗಿನಿಂದ ಹಳೆಯ ಕಿಚ್ಚು ಮತ್ತೆ ಮಾತಾಡಿತು. ತನ್ನದೇ ಮೈ ತಾನೇ, ತುರಿಸಲಿ. ಊರೆಲ್ಲ ನೋಡಲಿ. ಸ್ವಂತ ದೊಡ್ಡಮ್ಮನ ಮೈಯನ್ನೇ ಹಾಳು ಮಾಡಿದಳು ಅಂದರೆ ಹುಡುಗಿಯ ಹೆಸರು ಇನ್ನೂ ಚೆನ್ನಾಗಿ ಕೆಡುತ್ತದೆ. ಹಾಕಿದ್ದು ಯಾರು ಅಂತ ಯಾವನಿಗೆ ಗೊತ್ತಾಗಬೇಕು? ಹಲ್ಲು ಕಚ್ಚಿಕೊಂಡು ಬೆನ್ನು ಗಟ್ಟಿ ಮಾಡಿದಳು.

ಹುಡಿ ಬೀಳಲಿಲ್ಲ. ಮೊದಲು ಬರಿಗೈ ಬಂತು. ಎಲ್ಲಿ ಬಿಗಿದಿದೆ, ಎಲ್ಲಿ ನೋವಿದೆ ಎಂದು ನೋಡುವ ಕೈ. ಸೊಂಟದ ಹತ್ತಿರ ನಿಂತು, ಹಿಂಜರಿದು, ನಿಧಾನವಾಗಿ ಬೆನ್ನು ಏರಿತು. ನಾಲ್ಕು ಬೆರಳು ಹರಡಿಕೊಂಡು, ನಡುವೆ ಒಂದು ಗೆಣ್ಣು ಒತ್ತುತ್ತ.

ಸೀತಕ್ಕನ ಕಣ್ಣು ತೆರೆಯಿತು.

"ಹೆಬ್ಬೆರಳು ಎಂತಕ್ಕೆ ಮಡಚ್ತೀಯ?"

"ಹಾಂ?"

"ಹೆಬ್ಬೆರಳು, ಹೆಬ್ಬೆರಳು. ಆಸ್ಪತ್ರೇಲಿ ಹೀಗೇ ಹೇಳ್ಕೊಟ್ರಾ?"

ಅನಿತಾ ನಕ್ಕಳು. "ಅಯ್ಯೋ ಇಲ್ಲ ದೊಡ್ಡಮ್ಮ. ಆರು ತಿಂಗಳೂ ಇದಕ್ಕೇ ಬೈಸ್ಕೊಂಡೆ. ಬಿಚ್ಚು, ಅಂಗೈ ಪೂರ್ತಿ ತಾಗ್ಲಿ ಅಂತ ಮೇಡಂ ದಿನಾ ಹೇಳ್ತಿದ್ರು. ಅವ್ರ ಎದುರಿಗೆ ಬಿಚ್ತಿದ್ದೆ, ಆಚೆ ಹೋದ ಕೂಡ್ಲೇ ಮಡಚ್ತಿದ್ದೆ. ಸಣ್ಣೋಳಿದ್ದಾಗ ಇದೇ ಬಾಗ್ಲಲ್ಲಿ ನಿಂತ್ಕೊಂಡು ನೋಡಿದೀನಲ್ಲ, ನಿನ್ನ ಕೈ ಹಾಗೇ ಇರ್ತಿತ್ತು. ಅವ್ರ ವಿದ್ಯೆ ಅವ್ರಿಗೆ, ನಮ್ಮದು ನಮಗೆ ಅಂದ್ಕೊಂಡೆ."

ಶೇಷಮ್ಮನವರು ಗೋಡೆಯ ಕಡೆಯಿಂದ, "ಅದಕ್ಕೇ ನಾನು ಇವಳನ್ನ ಒಪ್ಕೊಂಡಿದ್ದು. ಮೊದಲ್ನೇ ದಿನವೇ ಗೊತ್ತಾಯ್ತು, ಥೇಟ್ ಸೀತಕ್ಕನ ಕೈ" ಅಂದರು.

ತಾನು ಹದಿನೈದು ದಿನ ಗೋಡೆಯ ಆಚೆ ನಿಂತು ಶಪಿಸಿದ ಕೈ ಇದು. ಆ ಕೂಸು ತನ್ನಿಂದ ಕದ್ದದ್ದಾದರೂ ಎಂತ? ಮೆಟ್ಟುಗತ್ತಿಯ ಗಾಯ. ಬಿಚ್ಚಿಕೊಳ್ಳಲಾರದ ಒಂದು ಬೆರಳನ್ನು ವಿದ್ಯೆ ಅಂತ ತಿಳಿದು, ಆರು ತಿಂಗಳು ಬೈಸಿಕೊಂಡು, ಜೋಪಾನವಾಗಿ ಇಟ್ಟುಕೊಂಡಿದೆ.

ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

ತನ್ನ ಬೆನ್ನಿನ ಲೆಕ್ಕವನ್ನಷ್ಟೇ ಅವಳು ಹಾಕಿದ್ದಳು. ಹುಡಿ ಮೊದಲು ತಾಗುವುದು ಉಜ್ಜುವವಳ ಅಂಗೈಗೆ ಎಂಬುದು ಇಪ್ಪತ್ತೆರಡು ವರ್ಷ ಉಜ್ಜಿದವಳಿಗೆ ಆವರೆಗೆ ಹೊಳೆದಿರಲಿಲ್ಲ. ಸೀತಕ್ಕ ಎದ್ದ ರಭಸಕ್ಕೆ ಬೆಂಚು ಕಿರುಗುಟ್ಟಿತು. ಊದಿದ ಬೆರಳುಗಳಿಂದಲೇ ಅನಿತಾಳ ಮಣಿಕಟ್ಟು ಹಿಡಿದಳು.

"ಕೈ ಹಾಕ್ಬೇಡ."

"ಎಂತ ಆಯ್ತು ದೊಡ್ಡಮ್ಮ?"

"ಅದ್ರಲ್ಲಿ ನಸುಗುನ್ನಿ ಇದೆ. ನಾನೇ ಹಾಕಿದ್ದು."

ಹಂಡೆಯ ಕೆಳಗೆ ಸೌದೆ ಚಟಪಟ ಅಂತಿತ್ತು. ಅನಿತಾ ಡಬ್ಬಿಯನ್ನು ನೋಡಿದಳು, ಆಮೇಲೆ ತನ್ನ ಎರಡು ಕೈಗಳನ್ನು ನೋಡಿಕೊಂಡಳು. "ನಾಳಿದ್ದು ಡ್ಯೂಟಿ ಇತ್ತು ದೊಡ್ಡಮ್ಮ ನಂಗೆ" ಅಂದಳು. ಅಷ್ಟೇ ಅಂದಳು. ಬೈದಿದ್ದರೆ ಸೀತಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಶೇಷಮ್ಮನವರು ಮುಂದೆ ಬಂದು ಡಬ್ಬಿಗೆ ಮುಚ್ಚಳ ಹಾಕಿದರು. "ಯಾರಿಗೆ ಅಂತ ಹಾಕಿದ್ದು?"

ಸುಳ್ಳು ನಾಲಿಗೆಯವರೆಗೆ ಬಂತು. ಆದರೆ ಹೇಳಲು ಆಗಲಿಲ್ಲ.

"ನಿಮಗೆ."

ಶೇಷಮ್ಮನವರ ಮುಖ ಸಣ್ಣದಾಯಿತು. "ಹುಡಿ ಉಜ್ಜೋಕೆ ಬರ್ಬೇಡ ಅಂತ ಅಂದಿದ್ದು ನಿಜ" ಅಂದರು. "ಮಾತಾಡೋಕೆ ಬರ್ಬೇಡ ಅಂದಿದ್ನಾ? ಹದಿನೈದು ದಿನ ಮಧ್ಯಾಹ್ನ ಮೆಟ್ಲು ನೋಡ್ಕೊಂಡು ಕೂತೆ ಕಣೆ. ನೀನು ಬರ್ಲಿಲ್ಲ. ನಿದ್ದೆ ಬಂತು."

ಅಷ್ಟು ಹೇಳಿ ಡಬ್ಬಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಸೀತಕ್ಕ ಹಳೇ ಸೀರೆಯಲ್ಲಿ ಬೆಂಚಿನ ಮೇಲೆ ಕೂತೇ ಇದ್ದಳು. ಹಾರಿದ ಸುಂಕು ಅವಳ ಮುಂಗೈಗೆ ತಾಗಿತ್ತು, ಬೆಂಕಿ ಹಚ್ಚಿದ ಹಾಗೆ ತುರಿಸುತ್ತಿತ್ತು. ತುರಿಸಿಕೊಳ್ಳಲಿಲ್ಲ. ಅನಿತಾ ಅದನ್ನು ನೋಡಿ, ಕೊಟ್ಟಿಗೆಗೆ ಹೋಗಿ, ಅಡಿಕೆ ಹಾಳೆಯಲ್ಲಿ ಸಗಣಿ ತಂದು ದಪ್ಪಗೆ ಬಳಿದಳು. ತಾನು ಅನಿತಾಳ ಎದುರಿಗೆ ಹಿಡಿದು ಮೆರೆಯಬೇಕು ಅಂದುಕೊಂಡಿದ್ದ ಸಗಣಿ ಅದು. ಸೀತಕ್ಕ ತಲೆ ತಗ್ಗಿಸಿದಳು.

ಇನ್ನು ಮನೆಗೆ ಹೋಗುವುದೇ ಎಂದು ಅವಳು ಏಳುವ ಹೊತ್ತಿಗೆ ಶೇಷಮ್ಮನವರು ವಾಪಸು ಬಂದರು. ಕೈಯಲ್ಲಿ ಒಂದು ತಟ್ಟೆ ಹುರುಳಿ ಹಿಟ್ಟು, ಮೇಲೆ ಒಂದು ಚಿಟಿಕೆ ಅರಿಶಿನ.

"ಅಡಿಗೆಮನೇದು. ಲಾವಂಚ ಇಲ್ಲ, ಏನಿಲ್ಲ. ಮಲಗು."

"ಅಮ್ಮ, ನಾನು..."

"ಮಲಗು ಅಂದೆ. ನಿನ್ನ ಮೇಲಿನ ಸಿಟ್ಟು ಬೇರೆ, ಅದು ಹಬ್ಬ ಕಳೆದ ಮೇಲೂ ಇರ್ತದೆ. ನಿನ್ನ ಬೆನ್ನು ಅದಕ್ಕೆ ಕಾಯ್ಬೇಕಾಗಿಲ್ಲ."

ಸೀತಕ್ಕ ಮತ್ತೆ ಬೋರಲು ಮಲಗಿದಳು. ಹಿಟ್ಟು ಬೆನ್ನಿಗೆ ಬಿತ್ತು. ಅನಿತಾಳ ಕೈ ಸೊಂಟದಿಂದ ಹೊರಟಿತು. ನಾಲ್ಕು ಬೆರಳು, ಒಂದು ಗೆಣ್ಣು. ಸರ್, ಸರ್. ಇಪ್ಪತ್ತೆರಡು ವರ್ಷ ತಾನು ಕೊಟ್ಟದ್ದು ಹೇಗಿತ್ತು ಎಂದು ಅವಳ ಬೆನ್ನಿಗೆ ಆವತ್ತು ಗೊತ್ತಾಯಿತು. ಚೆನ್ನಾಗಿತ್ತು. ಆದರೆ ಪ್ರತಿ ಸಲವೂ ಬೆನ್ನೆಲುಬಿನ ಒಂದು ಬದಿ ಬಿಟ್ಟುಹೋಗುತ್ತಿತ್ತು.

ಮೂರು ಸಲ ತಡೆದುಕೊಂಡಳು. ನಾಲ್ಕನೇ ಸಲಕ್ಕೆ ಹೇಳಿದಳು.

"ಹೆಬ್ಬೆರಳು ಬಿಚ್ಚು."

"ನಮ್ಮದು ಹೀಗೇ ಅಲ್ವ ದೊಡ್ಡಮ್ಮ?"

"ಅದು ವಿದ್ಯೆ ಅಲ್ಲ ಕೂಸೆ. ಅಡಿಕೆ ಸುಲಿವಾಗ ಮೆಟ್ಟುಗತ್ತಿ ಕುಯ್ದಿದ್ದು. ನಂದು ಬಿಚ್ಚಕ್ಕೆ ಬರಲ್ಲ, ಅದಕ್ಕೆ ಮಡಚಿದ್ದು. ನಿಂದು ಬಿಚ್ತದಲ್ಲ."

ಬೆನ್ನ ಮೇಲಿನ ಕೈ ನಿಂತಿತು. ಗೋಡೆಯ ಹತ್ತಿರ ಶೇಷಮ್ಮನವರ ಬಳೆ ಸದ್ದಾಯಿತು.

"ಅಜ್ಜಿ ಹೇಳ್ಕೊಟ್ಟಿದ್ದು ಅಂದಿದ್ದೆ" ಅಂದರು ಅವರು.

"ಅಜ್ಜಿನ ನಾನು ನೋಡೇ ಇಲ್ಲ ಅಮ್ಮ."

ಶೇಷಮ್ಮನವರು ಶೃಂಗೇರಿಯ ತಂಗಿಗೆ ಇಪ್ಪತ್ತೆರಡು ವರ್ಷ ಹೇಳಿದ್ದನ್ನೆಲ್ಲ ನೆನೆಸಿಕೊಳ್ಳುತ್ತಿದ್ದರೋ ಏನೋ, ಸೆರಗಿನಿಂದ ಬಾಯಿ ಒರೆಸಿಕೊಂಡರು.

ಅನಿತಾ ಹೆಬ್ಬೆರಳು ಬಿಚ್ಚಿದಳು. ಅಂಗೈ ಪೂರ್ತಿ ಬೆನ್ನಿಗೆ ಕೂತಿತು. ಸೊಂಟದಿಂದ ಹೊರಟು, ಬೆನ್ನೆಲುಬಿನ ಎರಡು ಬದಿಯನ್ನೂ ಒಟ್ಟಿಗೆ ಹಿಡಿದು, ಎಲ್ಲೂ ತಪ್ಪದೆ, ಎಲ್ಲೂ ಬಿಡದೆ ಹೆಗಲವರೆಗೆ ಏರಿತು. ಸೀತಕ್ಕನ ಕೈ ಅವಳ ಜನ್ಮದಲ್ಲಿ ಒಂದು ದಿನವೂ ಹಾಗೆ ಏರಿರಲಿಲ್ಲ. ತನಗಿಂತ ಚೆನ್ನಾಗಿತ್ತು. ಎಷ್ಟೋ ಚೆನ್ನಾಗಿತ್ತು. ಹೊಟ್ಟೆಯೊಳಗೆ ಕಿಚ್ಚು ಮತ್ತೊಂದು ಸಲ ಚುರ್ರೆಂದಿತು.

ಚುರ್ರೆಂದರೆ ಅನ್ನಲಿ ಎಂದು ಸೀತಕ್ಕ ಕೆನ್ನೆಯನ್ನು ಬೆಂಚಿಗೆ ಒತ್ತಿದಳು.

"ಇನ್ನೊಂದ್ಸಲ" ಅಂದಳು.